ಒಂದೇ ದಿನವಿದ್ದರೆ ಬಾಂಬೆರ್ಗ್‌ಗೆ ಹೋಗಿ

ಮಾನ್ಯ ಸಂಪಾದಕರಿಗೆ,

ನಮಸ್ಕಾರಗಳು. ಕಳೆದ ಭಾನುವಾರದ ಪುರವಣಿಯಲ್ಲಿ ಜರ್ಮನಿ ಪ್ರವಾಸದ ಬಗ್ಗೆ ಬಂದ ಬರಹವನ್ನು ಎರಡು ಸಲ ಓದಿದೆ. ನ್ಯೂರೆಂಬರ್ಗ್ ಕಡೆಗೆ ಹೋದವರಿಗೆ ಒಂದೇ ದಿನದ ಬಿಡುವಿದ್ದರೆ ಬೇರೆ ಯೋಚನೆ ಮಾಡದೆ ಕೋಟೆಯ ಊರಾದ ರೋಟೆನ್‌ಬುರ್ಗ್‌ಗೆ ಹೋಗಬೇಕು ಎಂದು ಅದರಲ್ಲಿ ಬರೆದಿದ್ದಾರೆ. ಬಾಂಬೆರ್ಗ್‌ನ ಹೆಸರು ಕೊನೆಯಲ್ಲಿ ಒಂದು ಸಾಲಿನಲ್ಲಿ ಬಂದು ಹೋಗಿದೆ. ಎರಡೂ ಊರುಗಳನ್ನು ಕಳೆದ ವರ್ಷ ಮೇ ತಿಂಗಳಲ್ಲಿ ನಾನು ನನ್ನ ಕಾಲಿನಲ್ಲಿ ನಡೆದು ನೋಡಿದ್ದೇನೆ. ಆ ಸಲಹೆಯನ್ನು ನಾನು ಒಪ್ಪಲಾರೆ. ಪತ್ರ ಉದ್ದವಾಗುತ್ತದೆ ಎಂದು ಗೊತ್ತಿದೆ. ಕತ್ತರಿಸುವುದಿದ್ದರೆ ರೈಲಿನ ವಿವರಗಳನ್ನು ಕತ್ತರಿಸಿ, ಉಳ್ಳಾಗಡ್ಡಿಯ ಭಾಗವನ್ನು ದಯವಿಟ್ಟು ಉಳಿಸಿಕೊಳ್ಳಿ.

ಇದನ್ನು ಸಣ್ಣ ವಿಷಯ ಎಂದು ಯಾರೂ ತಿಳಿಯಬಾರದು. ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯಿಂದ ಎಂಜಿನಿಯರಿಂಗ್ ಮುಗಿಸಿದ ಎಷ್ಟೋ ಮಕ್ಕಳು ಈಗ ಜರ್ಮನಿಗೆ ಓದಲು ಹೋಗುತ್ತಿದ್ದಾರೆ. ಎರಡು ಮೂರು ವರ್ಷದ ಮೇಲೆ ಮಗ ಅಥವಾ ಮಗಳು ‘ಬಂದು ಹೋಗಿ’ ಎಂದು ಕರೆಯುತ್ತಾರೆ. ನಮ್ಮಂಥ ತಂದೆತಾಯಿಗಳು ನಿವೃತ್ತಿಯ ಹಣದಲ್ಲಿ ಟಿಕೆಟ್ ಮಾಡಿಸಿ, ವೀಸಾ ಪತ್ರಗಳನ್ನು ಹೊಂದಿಸಿ, ಬದುಕಿನಲ್ಲಿ ಒಂದೇ ಸಲ ಹೋಗಿ ಬರುತ್ತೇವೆ. ಅಲ್ಲಿ ಮಕ್ಕಳಿಗೆ ಸಿಗುವ ರಜೆ ಒಂದು ದಿನ, ಹೆಚ್ಚೆಂದರೆ ಎರಡು. ಆ ಒಂದು ದಿನ ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆ ನಮಗೆ ಬಹಳ ದೊಡ್ಡದು.

ನಾನು ಮುದಗಲ್‌ನವನು. ಸರ್ಕಾರಿ ಪ್ರೌಢಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಸಮಾಜ ವಿಜ್ಞಾನ ಕಲಿಸಿ ನಿವೃತ್ತನಾಗಿದ್ದೇನೆ. ಅಪ್ಪನ ಕಾಲದಿಂದ ಬಂದ ಮೂರು ಎಕರೆ ಹೊಲದಲ್ಲಿ ಉಳ್ಳಾಗಡ್ಡಿ ಬೆಳೆಯುತ್ತೇನೆ. ಮನೆ ಕೋಟೆಯೊಳಗೇ ಇದೆ. ಈ ಎರಡು ಸಂಗತಿಗಳನ್ನು, ಅಂದರೆ ಕೋಟೆಯ ಗೋಡೆ ಮತ್ತು ಉಳ್ಳಾಗಡ್ಡಿಯನ್ನು, ಮೊದಲೇ ಹೇಳಿಬಿಡುತ್ತೇನೆ. ನಾನು ಆ ಊರುಗಳನ್ನು ನೋಡಿದ್ದು ಇವೆರಡರ ಮೂಲಕವೇ.

ಮಗಳು ಎರ್ಲಾಂಗೆನ್‌ನಲ್ಲಿ ಓದು ಮುಗಿಸಿ ಈಗ ನ್ಯೂರೆಂಬರ್ಗ್‌ನಲ್ಲಿ ಕೆಲಸದಲ್ಲಿದ್ದಾಳೆ. ಅವಳಿಗೆ ಸಿಕ್ಕ ರಜೆ ಒಂದು ಬುಧವಾರ. ಮಂಗಳವಾರ ರಾತ್ರಿ ಊಟವಾದ ಮೇಲೆ ಮೊಬೈಲಿನಲ್ಲಿ ನಕ್ಷೆ ತೆರೆದು ಮೂವರೂ ಕುಳಿತೆವು. ನನ್ನ ಹೆಂಡತಿಗೆ ರೋಟೆನ್‌ಬುರ್ಗ್ ಬೇಕಾಗಿತ್ತು. ಇಳಿಜಾರಿನ ದಾರಿ ಎರಡಾಗಿ ಕವಲೊಡೆಯುವ ಕಡೆ ಒಂದು ಹಳದಿ ಮನೆ, ಅದರ ಎರಡೂ ಬದಿಗೆ ಎರಡು ಬಾಗಿಲು ಗೋಪುರ: ಈ ಚಿತ್ರವನ್ನು ಯಾವುದೋ ಕ್ಯಾಲೆಂಡರಿನಲ್ಲಿ ನೋಡಿ ಅವಳು ಬಹಳ ವರ್ಷಗಳಿಂದ ನೆನಪಿಟ್ಟುಕೊಂಡಿದ್ದಳು. ಆ ಜಾಗದ ಹೆಸರು ಪ್ಲ್ಯೋನ್‌ಲೈನ್. ನನಗೆ ಬಾಂಬೆರ್ಗ್ ಬೇಕಾಗಿತ್ತು, ಏಕೆಂದರೆ ಯುನೆಸ್ಕೊ ಪಟ್ಟಿಯಲ್ಲಿ ನಮ್ಮ ಹಂಪಿ 1986ರಲ್ಲಿ ಸೇರಿದ ಹಾಗೆ ಅದು 1993ರಲ್ಲಿ ಸೇರಿದೆ ಎಂದು ತರಗತಿಗೆ ಹೇಳಲು ಓದಿಕೊಂಡದ್ದು ನೆನಪಿತ್ತು. ಉಳ್ಳಾಗಡ್ಡಿಯ ಸುದ್ದಿ ಆಗ ನನಗೆ ತಿಳಿದಿರಲಿಲ್ಲ.

ತೀರ್ಮಾನ ಮಾಡಿಕೊಟ್ಟದ್ದು ರೈಲು. ಬವೇರಿಯಾ ರಾಜ್ಯಕ್ಕೆಲ್ಲ ಒಂದೇ ದಿನದ ಟಿಕೆಟ್ ಒಂದಿದೆ; ಐದು ಜನರವರೆಗೆ ಒಂದೇ ಟಿಕೆಟಿನಲ್ಲಿ ಹೋಗಬಹುದು, ಜನ ಹೆಚ್ಚಿದಷ್ಟೂ ತಲೆಗೆ ಬೀಳುವ ಹಣ ಕಡಿಮೆ. ಆದರೆ ವಾರದ ದಿನಗಳಲ್ಲಿ ಅದು ಬೆಳಿಗ್ಗೆ ಒಂಬತ್ತರ ನಂತರ ಮಾತ್ರ ನಡೆಯುತ್ತದೆ. ಬಾಂಬೆರ್ಗ್‌ಗೆ ನೇರ ರೈಲು, ಗಂಟೆಯೊಳಗೆ ತಲುಪುತ್ತದೆ. ರೋಟೆನ್‌ಬುರ್ಗ್‌ಗೆ ಅನ್ಸ್‌ಬಾಖ್‌ನಲ್ಲಿ ಒಮ್ಮೆ, ಸ್ಟೈನಾಖ್‌ನಲ್ಲಿ ಇನ್ನೊಮ್ಮೆ ಇಳಿದು ಹತ್ತಬೇಕು. ಒಂಬತ್ತಕ್ಕೆ ಹೊರಟರೆ ಅಲ್ಲಿ ಪ್ರವಾಸಿ ಬಸ್ಸುಗಳು ಬಂದು ನಿಲ್ಲುವ ಹೊತ್ತಿಗೇ ನಾವೂ ತಲುಪುತ್ತೇವೆ ಎಂದು ಮಗಳು ಹೇಳಿದಳು. ‘ಅಪ್ಪಾ, ಕೋಟೆ ಗೋಡೆ ನೀವು ದಿನವೂ ನೋಡುತ್ತೀರಿ’ ಎಂದೂ ಸೇರಿಸಿದಳು. ಹೆಂಡತಿ ಒಪ್ಪಿದಳು. ಜೋಳದ ರೊಟ್ಟಿ, ಗುರೆಳ್ಳು ಚಟ್ನಿ, ಶೇಂಗಾ ಚಟ್ನಿ ಕಟ್ಟಿಕೊಂಡಳು. ಅದು ಒಳ್ಳೆಯದೇ ಆಯಿತು. ಬಾಂಬೆರ್ಗ್‌ನ ಹೆಸರಾಂತ ಉಳ್ಳಾಗಡ್ಡಿ ಅಡುಗೆಯಲ್ಲಿ ಗಡ್ಡೆಯೊಳಗೆ ಮಾಂಸ ತುಂಬುತ್ತಾರೆ, ನಮಗೆ ನಡೆಯುವಂಥದ್ದಲ್ಲ.

ಬಾಂಬೆರ್ಗ್ ರೆಗ್ನಿಟ್ಸ್ ನದಿಯ ಮೇಲಿದೆ. ಮುಕ್ಕಾಲು ಲಕ್ಷ ಜನರ ಊರು. ಯುನೆಸ್ಕೊ ಗುರುತಿಸಿದ ಹಳೆಯ ಊರಿನಲ್ಲಿ ಮೂರು ಭಾಗಗಳಿವೆ: ಗುಡ್ಡದ ಮೇಲೆ ಬಿಷಪ್ಪರ ಊರು, ನದಿಯ ಕವಲುಗಳ ನಡುವೆ ವ್ಯಾಪಾರಿಗಳ ಊರು, ಆಚೆ ದಡದಲ್ಲಿ ತೋಟಗಾರರ ಊರು. ಹೆಚ್ಚಿನ ಪ್ರವಾಸಿಗರು ಮೊದಲ ಎರಡನ್ನು ನೋಡಿ ಹಿಂದಿರುಗುತ್ತಾರೆ. ಮೂರನೆಯದು ರೈಲು ನಿಲ್ದಾಣದ ಮಗ್ಗುಲಲ್ಲೇ ಇದೆ, ಆದರೂ ಅದನ್ನು ದಾಟಿಕೊಂಡು ಹೋಗಿಬಿಡುತ್ತಾರೆ. ನಾವು ಅಲ್ಲಿಗೆ ಹೋದದ್ದು ಮಗಳು ದಾರಿಯಲ್ಲಿ ಒಂದು ಫಲಕ ಓದಿದ್ದರಿಂದ.

ರಸ್ತೆಯಿಂದ ನೋಡಿದರೆ ಏನೂ ಕಾಣುವುದಿಲ್ಲ. ಸಾಲಾಗಿ ತಗ್ಗು ಮನೆಗಳು. ಕೆಲವು ಗೋಡೆಗಳಲ್ಲಿ ಗೂಡು ಮಾಡಿ ಮೇರಿ ಮಾತೆಯ ಮೂರ್ತಿ ಇಟ್ಟಿದ್ದಾರೆ. ಪ್ರತಿ ಮನೆಗೂ ಬಂಡಿ ಹೋಗುವಷ್ಟು ಅಗಲದ ಬಾಗಿಲು. ಆ ಬಾಗಿಲಿನ ಆಚೆ ಹೊಲವಿದೆ. ಊರ ನಡುವೆ, ಮನೆಗಳ ಬೆನ್ನಿಗೆ, ಹೊರಗಿನವರ ಕಣ್ಣಿಗೆ ಬೀಳದ ಹಾಗೆ ಉದ್ದುದ್ದ ಹೊಲಗಳು. ಮಧ್ಯಯುಗದಿಂದ ಇಲ್ಲಿನ ಕುಟುಂಬಗಳು ತರಕಾರಿ, ಬೀಜ, ಜ್ಯೇಷ್ಠಮಧು ಬೆಳೆದು ದೂರದ ಊರುಗಳಿಗೆ ಮಾರುತ್ತ ಬಂದವರು. 1602ರಲ್ಲಿ ಬರೆದ ಊರಿನ ನಕ್ಷೆಯಲ್ಲಿ ಜ್ಯೇಷ್ಠಮಧುವಿನ ಗಿಡದ ಚಿತ್ರವೇ ಇದೆ, ಅಷ್ಟು ಅಭಿಮಾನ. ನಡುವೆ ಆ ಬೆಳೆ ನಿಂತು ಹೋಗಿತ್ತು. ಈಚಿನ ವರ್ಷಗಳಲ್ಲಿ ಮತ್ತೆ ನೆಟ್ಟಿದ್ದಾರೆ. ಅಲ್ಲೇ ಒಂದು ತೋಟಗಾರನ ಹಳೆಯ ಮನೆಯನ್ನು ವಸ್ತುಸಂಗ್ರಹಾಲಯ ಮಾಡಿದ್ದಾರೆ. ಗುದ್ದಲಿ, ಬುಟ್ಟಿ, ಅಡುಗೆಮನೆ, ಮಲಗುವ ಕೋಣೆ, ಎಲ್ಲವೂ ಯಾರೋ ಈಗಷ್ಟೇ ಎದ್ದು ಹೊಲಕ್ಕೆ ಹೋದರೇನೋ ಎನ್ನುವ ಹಾಗಿವೆ.

ಬಾಂಬೆರ್ಗ್‌ನವರಿಗೆ ಒಂದು ಅಡ್ಡಹೆಸರಿದೆ: ‘ಉಳ್ಳಾಗಡ್ಡಿ ತುಳಿಯುವವರು’. ಮಗಳು ಇದನ್ನು ಓದಿ ಹೇಳಿದಾಗ ನಾನು ಅಲ್ಲೇ ನಿಂತುಬಿಟ್ಟೆ. ಗಡ್ಡೆ ಬಲಿಯುವ ಹೊತ್ತಿಗೆ ಇಲ್ಲಿನ ತೋಟಗಾರರು ಕಾಲಿನ ಕೆಳಗೆ ಹಲಗೆ ಕಟ್ಟಿಕೊಂಡು ಸಾಲಿನ ಮೇಲೆ ನಡೆಯುತ್ತ ಹಸಿರು ಎಲೆಗಳನ್ನು ಮಲಗಿಸುತ್ತಿದ್ದರು. ಎಲೆ ಬಾಗಿದರೆ ಸತ್ವ ಕೆಳಗೆ ಗಡ್ಡೆಗೆ ಇಳಿಯುತ್ತದೆ ಎಂಬುದು ಅವರ ಲೆಕ್ಕ. ಓದುಗರಲ್ಲಿ ಉಳ್ಳಾಗಡ್ಡಿ ಬೆಳೆಯುವವರಿದ್ದರೆ ನಾನು ಏಕೆ ನಿಂತೆ ಎಂದು ಅವರಿಗೆ ಹೇಳಬೇಕಾಗಿಲ್ಲ. ಕೀಳುವುದಕ್ಕೆ ಹತ್ತು ಹದಿನೈದು ದಿನ ಮೊದಲು ನಾವು ಖಾಲಿ ಡ್ರಮ್ ಉರುಳಿಸಿ ಎಲೆಯ ಕುತ್ತಿಗೆ ಬಾಗಿಸುತ್ತೇವಲ್ಲ, ಅದೇ ಕೆಲಸ. ಡ್ರಮ್ ಬರುವ ಮೊದಲು ನನ್ನ ಅಪ್ಪ ಅದನ್ನು ಕಾಲಿನಲ್ಲೇ ಮಾಡುತ್ತಿದ್ದರು. ನಾನು ಐದನೆಯ ತರಗತಿಯಲ್ಲಿದ್ದಾಗ ಅವರ ಹಿಂದೆ ಪಕ್ಕದ ಸಾಲಿನಲ್ಲಿ ನಡೆದಿದ್ದೇನೆ. ಗಡ್ಡೆಗೆ ಪೆಟ್ಟಾಗಬಾರದು, ಎಲೆ ಮುರಿಯಬಾರದು, ಬಾಗಬೇಕು ಅಷ್ಟೆ. ಹೆಜ್ಜೆ ಹೇಗಿಡಬೇಕೆಂದು ಅವರು ಬಾಯಲ್ಲಿ ಹೇಳಿದ್ದಿಲ್ಲ, ನೋಡಿ ಕಲಿತೆ. ಏಳು ಸಾವಿರ ಕಿಲೋಮೀಟರ್ ಆಚೆ, ಹೆಸರೂ ಸರಿಯಾಗಿ ಹೇಳಲು ಬಾರದ ಊರೊಂದರಲ್ಲಿ, ಆ ನಡಿಗೆಯನ್ನೇ ಜನರ ಹೆಸರು ಮಾಡಿಕೊಂಡಿದ್ದಾರೆ.

ಒಂದು ಮನೆಯ ಬಾಗಿಲಲ್ಲಿ ತರಕಾರಿ ಸಸಿಗಳನ್ನು ಮಾರಲು ಇಟ್ಟಿದ್ದರು. ಅರವತ್ತರ ಆಸುಪಾಸಿನ ಹೆಣ್ಣುಮಗಳು, ಕೈಯೆಲ್ಲ ಮಣ್ಣು. ಮಗಳ ಬಾಯಿಂದ ನಾನು ಮಾತನಾಡಿಸಿದೆ. ನನ್ನ ಮೊಬೈಲಿನಲ್ಲಿ ಹೊಲದ ಚಿತ್ರವಿತ್ತು, ತೋರಿಸಿದೆ. ಅವರು ಚಿತ್ರವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದರು. ಮಣ್ಣು ಕಪ್ಪಗಿದೆಯಲ್ಲ, ನೀರು ಹೇಗೆ ಕೊಡುತ್ತೀರಿ ಎಂದು ಕೇಳಿದರು. ಕೊಳವೆ ಬಾವಿ, ವಿದ್ಯುತ್ತು ಬಂದಾಗ ಎಂದೆ. ಬೆಲೆ ಹೇಗೆ ಎಂದರು. ಬೆಲೆ ಬಿದ್ದ ವರ್ಷ ಕೀಳುವ ಕೂಲಿಯೂ ಹುಟ್ಟದೆ ಹೊಲದಲ್ಲೇ ಕುರಿ ಬಿಟ್ಟದ್ದನ್ನು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಹಿಂದೆ ಈ ಬೀದಿಗಳಲ್ಲಿ ನೂರಾರು ತೋಟಗಾರ ಮನೆತನಗಳಿದ್ದವು, ಈಗ ಕಸುಬು ಉಳಿಸಿಕೊಂಡವರು ಕೆಲವೇ ಮಂದಿ, ನನ್ನ ಮಗ ಮುಂದುವರಿಸುತ್ತಾನೋ ಇಲ್ಲವೋ ತಿಳಿಯದು ಎಂದರು. ಅವರ ಊರಿನ ಉಳ್ಳಾಗಡ್ಡಿ ಪೇರಳೆಯ ಆಕಾರದ್ದು, ಖಾರ ಕಡಿಮೆ. ಒಂದು ಚಿಟಿಕೆ ಬೀಜವನ್ನು ನನ್ನ ಅಂಗೈಗೆ ಹಾಕಿದರು. ಥೇಟ್ ನಮ್ಮದೇ ಕಪ್ಪು ಬೀಜ. ತರಲು ಆಸೆಯಾಯಿತು. ಅನುಮತಿ ಪತ್ರವಿಲ್ಲದೆ ಬೀಜವನ್ನು ದೇಶದಿಂದ ದೇಶಕ್ಕೆ ಒಯ್ಯುವುದು ತಪ್ಪು ಎಂದು ಮಗಳು ಹೇಳಿದ್ದರಿಂದ ಹಿಂದಿರುಗಿಸಿದೆ.

ಅಲ್ಲಿಂದ ನದಿ ದಾಟಿ ಗುಡ್ಡದ ಕಡೆಗೆ ನಡೆದೆವು. ನದಿಯ ನಡುವೆ, ಸೇತುವೆಯ ಮೇಲೆಯೇ ಕಟ್ಟಿದ ಹಳೆಯ ನಗರಸಭೆ ಇದೆ. ಬಿಷಪ್ಪರು ಜಾಗ ಕೊಡದಿದ್ದಾಗ ಜನರು ನೀರಿನಲ್ಲೇ ಗೂಟ ಹೊಡೆದು ನೆಲ ಮಾಡಿಕೊಂಡು ಕಟ್ಟಿದರೆಂದು ಕಥೆ. ಚಿತ್ರ ತೆಗೆಯುವವರೆಲ್ಲ ನಿಲ್ಲುವುದು ಇಲ್ಲಿ. ನಾವೂ ತೆಗೆದೆವು.

ಗುಡ್ಡ ಏರುವಾಗ ಹೆಂಡತಿಯ ಮೊಣಕಾಲು ನೋಯಲು ತೊಡಗಿತು; ಕಲ್ಲು ಹಾಸಿನ ದಾರಿ, ಏರು. ನಿಧಾನ ನಡೆಯಬೇಕು. ಮೇಲೆ ನಾಲ್ಕು ಗೋಪುರಗಳ ದೊಡ್ಡ ಚರ್ಚ್. ಜರ್ಮನಿಯ ರಾಜ ಎರಡನೆಯ ಹೈನ್‌ರಿಖ್ 1007ರಲ್ಲಿ ಇಲ್ಲಿ ಬಿಷಪ್ಪರ ಪೀಠ ಸ್ಥಾಪಿಸಿದ. ಈಗ ನಿಂತಿರುವ ಕಟ್ಟಡ 1237ರಲ್ಲಿ ಪ್ರತಿಷ್ಠೆಯಾದದ್ದು. ಒಳಗೆ ಹೈನ್‌ರಿಖ್ ಮತ್ತು ಅವನ ರಾಣಿ ಕುನಿಗುಂಡೆಯ ಸಮಾಧಿ ಇದೆ. ಟಿಲ್ಮನ್ ರೀಮೆನ್‌ಶ್ನೈಡರ್ ಎಂಬ ಶಿಲ್ಪಿ 1499ರಿಂದ 1513ರವರೆಗೆ ಕೆತ್ತಿದ್ದು. ಸಮಾಧಿಯ ಪಕ್ಕದ ಫಲಕವೊಂದರಲ್ಲಿ ರಾಣಿ ಕಾದ ಕಬ್ಬಿಣದ ಮೇಲೆ ನಡೆಯುತ್ತಿದ್ದಾಳೆ. ಶೀಲದ ಮೇಲೆ ಸಂಶಯ ಬಂದಾಗ ಅವಳು ಕೆಂಪಗೆ ಕಾಯಿಸಿದ ನೇಗಿಲ ಗುಳಗಳ ಮೇಲೆ ಬರಿಗಾಲಿನಲ್ಲಿ ನಡೆದು ಸುಡದೆ ಪಾರಾದಳೆಂದು ನಂಬಿಕೆ. ಮಗಳು ಇದನ್ನು ಓದಿ ಹೇಳುವ ಮೊದಲೇ ನನ್ನ ಹೆಂಡತಿ ಆ ಕೆತ್ತನೆ ನೋಡಿ ‘ಇದು ಸೀತಮ್ಮನ ಕಥೆ’ ಎಂದಳು. ಮತ್ತೆ ಬಹಳ ಹೊತ್ತು ಅಲ್ಲಿಂದ ಕದಲಲಿಲ್ಲ. ಗುಳಗಳ ಮೇಲೆ ಇಟ್ಟ ಆ ಕಾಲಿನ ಬೆರಳುಗಳನ್ನೇ ನೋಡುತ್ತಿದ್ದಳು.

ಆ ಊರಿನಲ್ಲಿ ಹೆಣ್ಣುಮಕ್ಕಳಿಗೆ ಬೆಂಕಿಯ ಪರೀಕ್ಷೆ ಕಥೆಯಾಗಿಯೇ ಉಳಿಯಲಿಲ್ಲ. 1626ರಿಂದ 1631ರವರೆಗೆ ಮಾಟಗಾತಿಯರೆಂಬ ಆಪಾದನೆ ಹೊರಿಸಿ ಬಾಂಬೆರ್ಗ್‌ನಲ್ಲಿ ನೂರಾರು ಜನರನ್ನು ಹಿಂಸಿಸಿ ಕೊಂದರು. ಹೆಂಗಸರಷ್ಟೇ ಅಲ್ಲ, ಗಂಡಸರನ್ನೂ. ನಗರದ ಮೇಯರ್ ಆಗಿದ್ದ ಯೋಹಾನೆಸ್ ಯೂನಿಯಸ್ ಅವರಲ್ಲೊಬ್ಬ. ಚಿತ್ರಹಿಂಸೆಯಿಂದ ಜಜ್ಜಿಹೋದ ಕೈಯಲ್ಲಿ, 1628ರ ಜುಲೈ 24ರಂದು, ಸೆರೆಯಿಂದ ಮಗಳು ವೆರೋನಿಕಾಳಿಗೆ ಅವನೊಂದು ಪತ್ರ ಬರೆದ. ತಾನು ನಿರಪರಾಧಿ, ಒಪ್ಪಿಕೊಂಡದ್ದೆಲ್ಲ ನೋವು ತಾಳಲಾರದೆ ಹೇಳಿದ ಸುಳ್ಳು ಎಂದು ತಿಳಿಸುವ ಪತ್ರ. ಅದು ಇಂದಿಗೂ ಆ ಊರಿನ ಗ್ರಂಥಾಲಯದಲ್ಲಿದೆ. ನನ್ನ ಮಗಳು ಅದನ್ನು ಮೊಬೈಲಿನಲ್ಲಿ ಹುಡುಕಿ, ಚರ್ಚಿನ ಎದುರಿನ ಮೆಟ್ಟಿಲ ಮೇಲೆ ಕುಳಿತು, ಕನ್ನಡ ಮಾಡಿ ಮಾಡಿ ನಮಗೆ ಓದಿದಳು. ಅರ್ಧದಲ್ಲಿ ಅವಳ ದನಿ ನಿಂತಿತು. ಮುಂದಿನದನ್ನು ನಾನು ಕೇಳಲಿಲ್ಲ. ಮೂವತ್ತನಾಲ್ಕು ವರ್ಷ ಇತಿಹಾಸ ಕಲಿಸಿದವನು ನಾನು. ತಂದೆಯೊಬ್ಬ ಮಗಳಿಗೆ ಬರೆದ ನಾಲ್ಕುನೂರು ವರ್ಷದ ಹಿಂದಿನ ಮಾತನ್ನು ನನ್ನ ಮಗಳ ಬಾಯಲ್ಲಿ ಕೇಳಿದ ಹಾಗೆ ಬೇರೆ ಯಾವ ಇತಿಹಾಸವನ್ನೂ ಕೇಳಿಲ್ಲ.

ಪತ್ರಿಕೆಯವರಾದ ನಿಮಗಾಗಿ ಇನ್ನೊಂದು ಸಂಗತಿ: ತತ್ತ್ವಜ್ಞಾನಿ ಹೆಗೆಲ್ 1807 ಮತ್ತು 1808ರಲ್ಲಿ ಇದೇ ಊರಿನ ದಿನಪತ್ರಿಕೆಯ ಸಂಪಾದಕನಾಗಿದ್ದ. ಸರ್ಕಾರದ ಸೆನ್ಸಾರಿನೊಂದಿಗೆ ತೊಡಕು ಮಾಡಿಕೊಂಡ ಎಂಬುದನ್ನೂ ಓದಿದ್ದೇನೆ.

ಇನ್ನು ರೋಟೆನ್‌ಬುರ್ಗ್. ಹಿಂದಿರುಗುವ ವಾರದಲ್ಲಿ, ಮಗಳು ಕೆಲಸಕ್ಕೆ ಹೋದ ದಿನ, ನಾವಿಬ್ಬರೇ ಹೊರಟೆವು. ಹೆಂಡತಿಯ ಕ್ಯಾಲೆಂಡರಿನ ಆಸೆ ನನಗೆ ನೆನಪಿತ್ತು. ಎರಡು ಕಡೆ ರೈಲು ಬದಲಿಸುವ ಹೆದರಿಕೆಯಿಂದ ಮಗಳು ಕಾಗದದ ಮೇಲೆ ಎರಡೂ ನಿಲ್ದಾಣದ ಹೆಸರನ್ನು ಕನ್ನಡದಲ್ಲೂ ಜರ್ಮನ್‌ನಲ್ಲೂ ಬರೆದುಕೊಟ್ಟಿದ್ದಳು. ಸ್ಟೈನಾಖ್‌ನಲ್ಲಿ ಶಾಲೆಯ ಹುಡುಗನೊಬ್ಬ ಆ ಕಾಗದ ನೋಡಿ ನಮ್ಮನ್ನು ಸಣ್ಣ ರೈಲಿನವರೆಗೆ ಕರೆದೊಯ್ದು ಹತ್ತಿಸಿದ.

ಹನ್ನೊಂದು ಸಾವಿರ ಜನರ ಪುಟ್ಟ ಊರು, ಟೌಬರ್ ನದಿಯ ಮೇಲಿನ ದಿಬ್ಬದಲ್ಲಿದೆ. 1274ರಿಂದ ಯಾವ ಸಾಮಂತನಿಗೂ ಒಳಪಡದೆ ನೇರವಾಗಿ ಚಕ್ರವರ್ತಿಗೇ ಅಧೀನವಾಗಿದ್ದ ನಗರ. ನಿಲ್ದಾಣದಿಂದ ಹತ್ತು ನಿಮಿಷ ನಡೆದರೆ ಕೋಟೆಯ ಬಾಗಿಲು, ಬಾಗಿಲ ಪಕ್ಕದಲ್ಲೇ ಗೋಡೆಯ ಮೇಲೆ ಹತ್ತಲು ಮೆಟ್ಟಿಲು. ಸಂಪಾದಕರೇ, ನಿಜವನ್ನೇ ಹೇಳುತ್ತೇನೆ: ಊರು ನೋಡುವ ಮೊದಲು ನನ್ನ ಕಾಲು ಆ ಮೆಟ್ಟಿಲಿನ ಕಡೆಗೇ ಹೋಯಿತು. ಗೋಡೆಯ ಒಳಬದಿಗೆ ಕಟ್ಟಿದ ಕಿರಿದಾದ ದಾರಿ, ಮೇಲೆ ಮರದ ಮಾಡು. ಎರಡು ಕಿಲೋಮೀಟರಿಗೂ ಹೆಚ್ಚು ದೂರ ಹಾಗೆಯೇ ನಡೆಯಬಹುದು. ಒಂದು ಕಡೆ ಬಾಣದ ಕಿಂಡಿಗಳು, ಇನ್ನೊಂದು ಕಡೆ ಕೆಂಪು ಹೆಂಚಿನ ಮನೆಗಳ ಮಾಡು. ನಮ್ಮ ಮುದಗಲ್ ಕೋಟೆಯ ಕೊತ್ತಲಗಳ ಮೇಲೆ ಹುಡುಗನಾಗಿದ್ದಾಗ ಓಡಾಡಿದವನು ನಾನು. ಗೋಡೆಯ ಮೇಲಿಂದ ಊರನ್ನು ನೋಡುವ ಆ ಎತ್ತರ ನನಗೆ ಹೊಸದಲ್ಲ. ಹೊಸದಾಗಿ ಕಂಡದ್ದು ಕಲ್ಲುಗಳ ಮೇಲಿನ ಹೆಸರುಗಳು.

1945ರ ಮಾರ್ಚ್ 31ರಂದು ಈ ಊರಿನ ಮೇಲೆ ಬಾಂಬು ಬಿದ್ದವು. ಮುನ್ನೂರಕ್ಕೂ ಹೆಚ್ಚು ಮನೆಗಳು ಹೋದವು, ಗೋಡೆಯ ಒಂದು ಭಾಗ ಕುಸಿಯಿತು, ಹಳೆಯ ಊರಿನ ಹತ್ತಿರ ಹತ್ತಿರ ಶೇ 40ರಷ್ಟು ಹಾಳಾಯಿತು. ಉಳಿದದ್ದೂ ಹೋಗುತ್ತಿತ್ತೇನೋ. ಅಮೆರಿಕದ ಯುದ್ಧ ಇಲಾಖೆಯ ಅಧಿಕಾರಿ ಜಾನ್ ಮೆಕ್ಲಾಯ್ ಎಂಬವರಿಗೆ ತಾಯಿಯ ಮೂಲಕ ಈ ಊರಿನ ಹೆಸರು ಗೊತ್ತಿತ್ತು. ಫಿರಂಗಿ ಹಾರಿಸಬೇಡಿ ಎಂದು ಅವರು ತಡೆದರು, ಏಪ್ರಿಲ್‌ನಲ್ಲಿ ಊರು ಶರಣಾಯಿತು. ಆಮೇಲೆ ಗೋಡೆ ಕಟ್ಟಲು ಹಣ ಬೇಕಾದಾಗ ಜಗತ್ತಿನ ಎಲ್ಲ ಕಡೆಯಿಂದ ಜನ ಕೊಟ್ಟರು. ಕೊಟ್ಟವರ ಹೆಸರನ್ನು ಗೋಡೆಯ ಕಲ್ಲಿನಲ್ಲೇ ಕೆತ್ತಿದ್ದಾರೆ. ಜರ್ಮನರ ಹೆಸರು, ಅಮೆರಿಕದವರ ಹೆಸರು, ಜಪಾನಿನವರ ಹೆಸರು. ಬಾಂಬು ಹಾಕಿದ ದೇಶದವರ ಹೆಸರೂ ಅದೇ ಗೋಡೆಯಲ್ಲಿದೆ. ಹೆಂಡತಿ ಒಂದೊಂದು ಕಲ್ಲನ್ನೂ ಮುಟ್ಟುತ್ತ ನಡೆದಳು. ‘ನಮ್ಮ ಕೋಟೆಗೂ ಹೀಗೆ ಒಬ್ಬೊಬ್ಬರು ಒಂದೊಂದು ಗಜ ಕೊಟ್ಟರೆ’ ಎಂದಳು. ಆ ಮಾತನ್ನು ಊರಿಗೆ ತಂದಿದ್ದೇನೆ, ಯಾರಾದರೂ ಕಿವಿಗೊಡಲಿ.

ಈ ಊರಿಗೂ ಒಂದು ಕಥೆ ಇದೆ. 1631ರಲ್ಲಿ ಸೇನಾಪತಿ ಟಿಲ್ಲಿ ಊರನ್ನು ಗೆದ್ದು ಸುಡಲು ಹೊರಟಾಗ, ಮೂರೂಕಾಲು ಲೀಟರ್ ದ್ರಾಕ್ಷಾರಸವನ್ನು ಒಂದೇ ಗುಟುಕಿಗೆ ಕುಡಿಯುವವನಿದ್ದರೆ ಬಿಟ್ಟುಬಿಡುತ್ತೇನೆ ಎಂದನಂತೆ. ಮಾಜಿ ಮೇಯರ್ ನೂಶ್ ಕುಡಿದು ಊರನ್ನು ಉಳಿಸಿದನಂತೆ. ಇದು ನಡೆದದ್ದಲ್ಲ, ಕಟ್ಟಿದ ಕಥೆ. ಆದರೂ 1881ರಿಂದ ಅದನ್ನು ನಾಟಕವಾಗಿ ಆಡುತ್ತಾರೆ, ಚೌಕದ ಗಡಿಯಾರದಲ್ಲಿ ಗಂಟೆಗೊಮ್ಮೆ ಕಿಟಕಿ ತೆರೆದು ಬೊಂಬೆಗಳು ಆ ಕಥೆ ತೋರಿಸುತ್ತವೆ. ಅದನ್ನು ನೋಡುತ್ತ ನಿಂತಾಗ ನನಗೆ ನಮ್ಮೂರಿನ ಅಕ್ಕಸಾಲಿಗನ ಮಗಳ ನೆನಪಾಯಿತು. ಇತಿಹಾಸಕಾರ ಫೆರಿಶ್ತಾ ಬರೆದಿರುವ ಪ್ರಕಾರ 1406ರ ಸುಮಾರಿಗೆ ವಿಜಯನಗರದ ಒಂದನೆಯ ದೇವರಾಯ ಮತ್ತು ಬಹಮನಿ ಫಿರೋಜ್ ಶಾಹನ ನಡುವೆ ಯುದ್ಧವಾದದ್ದು ಮುದಗಲ್‌ನ ಆ ಹುಡುಗಿಯ ಕಾರಣಕ್ಕೆ. ನಮ್ಮ ಫತೇ ದರ್ವಾಜದ ಮುಂದೆ ಬಂದು ನಿಂತವರಿಗೆ ಈ ಕಥೆ ಹೇಳುವವರು ಸಿಗುವುದು ಅಪರೂಪ. ನಾನು ಕಲಿಸಿದ ಮಕ್ಕಳಿಗೆ ಹೇಳಿದ್ದೇನೆ, ಅಷ್ಟೇ.

ಹೀಗಿದ್ದರೂ ಒಂದೇ ದಿನಕ್ಕೆ ರೋಟೆನ್‌ಬುರ್ಗ್ ಬೇಡ ಎಂದು ಏಕೆ ಹೇಳುತ್ತೇನೆ? ಗೋಡೆಯಿಂದ ಕೆಳಗಿಳಿದ ಮೇಲೆ ನಾವು ಕಂಡದ್ದು ಬಹುತೇಕ ನಮ್ಮಂಥವರನ್ನೇ. ಮುಖ್ಯ ಬೀದಿಗಳಲ್ಲಿ ಮೇ ತಿಂಗಳ ಬಿಸಿಲಿನಲ್ಲಿ ಕ್ರಿಸ್‌ಮಸ್ ಅಲಂಕಾರದ ಅಂಗಡಿ, ನೆನಪಿನ ಕಾಣಿಕೆಯ ಅಂಗಡಿ, ಸಕ್ಕರೆ ಉದುರಿಸಿದ ಕರಿದ ಹಿಟ್ಟಿನ ಉಂಡೆಯ ಅಂಗಡಿ. ಹಿಟ್ಟು ನಾದಲು ಮೊಟ್ಟೆ ಹಾಕುತ್ತಾರೆಂದು ನಾವು ತಿನ್ನಲಿಲ್ಲ. ಊರಿನವರು ಉಪ್ಪು, ಬೇಳೆ, ಚಪ್ಪಲಿ ಎಲ್ಲಿ ಕೊಳ್ಳುತ್ತಾರೆ ಎಂದು ಹೆಂಡತಿ ಕೇಳಿದಳು. ಎರಡು ಗಂಟೆ ಅಲೆದರೂ ಅಂಥ ಅಂಗಡಿ ನಮ್ಮ ಕಣ್ಣಿಗೆ ಬೀಳಲಿಲ್ಲ. ಇದರಲ್ಲಿ ಆ ಜನರ ತಪ್ಪೇನೂ ಇಲ್ಲ. ಮೂವತ್ತು ವರ್ಷಗಳ ಯುದ್ಧದ ನಂತರ ಬಡವಾಗಿ, ಹೊಸ ಮನೆ ಕಟ್ಟಲು ಹಣವಿಲ್ಲದ್ದರಿಂದಲೇ ಹಳೆಯದು ಉಳಿದುಕೊಂಡ ಊರದು. ಚಿತ್ರಕಾರರು ಬಂದು ಮೆಚ್ಚಿದ ಮೇಲೆ ಪ್ರವಾಸಿಗರೇ ಅದರ ಬೆಳೆಯಾದರು. ಬದುಕಲು ಅವರಿಗೆ ಬೇರೆ ದಾರಿ ಇರಲಿಲ್ಲ. ಆ ಊರಿನ ಇತಿಹಾಸದಲ್ಲೂ ಕಪ್ಪು ಪುಟವಿದೆ: 1938ರ ಅಕ್ಟೋಬರಿನಲ್ಲಿ ತನ್ನ ಯಹೂದಿ ನೆರೆಹೊರೆಯವರನ್ನೆಲ್ಲ ಹೊರಗೆ ಹಾಕಿದ ಊರದು. ಚಂದದ ಚಿತ್ರ ನೋಡಿ ಬರುವವರು ಅದನ್ನೂ ತಿಳಿದಿರಬೇಕು.

ಕೋಟೆಯೊಳಗೆ ವಾಸಿಸುವವನಾಗಿ ನಾನು ಇದನ್ನು ಹೇಳುತ್ತಿದ್ದೇನೆ. ನಮ್ಮ ಮುದಗಲ್‌ನಲ್ಲಿ ಬೆಳಿಗ್ಗೆ ಕಾಟಿ ದರ್ವಾಜದ ಹತ್ತಿರ ಹಾಲಿನವರು, ಶಾಲೆಯ ಮಕ್ಕಳು, ಎತ್ತಿನ ಬಂಡಿ ಓಡಾಡುತ್ತವೆ. ಮೊಹರಂ ಬಂದರೆ ಹಿಂದೂ ಮುಸ್ಲಿಂ ಎನ್ನದೆ ಸುತ್ತಲಿನ ಹಳ್ಳಿಗಳೆಲ್ಲ ಊರೊಳಗೆ ಬಂದು ತುಂಬಿಕೊಳ್ಳುತ್ತವೆ. ಗೋಡೆ ಹಳೆಯದು, ಒಳಗಿನ ಬದುಕು ಇವತ್ತಿನದು. ಬಾಂಬೆರ್ಗ್‌ನಲ್ಲಿ ನನಗೆ ಇದೇ ಕಂಡಿತು. ಎಂಟುನೂರು ವರ್ಷದ ಚರ್ಚಿನ ನೆರಳಿನಲ್ಲಿ ವಿಶ್ವವಿದ್ಯಾಲಯದ ಹುಡುಗರು ಸೈಕಲ್ ತುಳಿಯುತ್ತಿದ್ದರು, ಚೌಕದ ಸಂತೆಯಲ್ಲಿ ಅಜ್ಜಿಯೊಬ್ಬರು ಮೂಲಂಗಿಗೆ ಚೌಕಾಸಿ ಮಾಡುತ್ತಿದ್ದರು, ಬೀಚ್ ಮರದ ಹೊಗೆಯಲ್ಲಿ ಒಣಗಿಸಿದ ಕಾಳಿನಿಂದ ಮಾಡುವ ಬಿಯರಿನ ಹೊಗೆವಾಸನೆ ಹಳೆಯ ಬೀದಿಗಳಲ್ಲಿ ಹಬ್ಬಿತ್ತು. ಬಾಗಿಲ ಹಿಂದೆ ಉಳ್ಳಾಗಡ್ಡಿಯ ಸಾಲು ಇತ್ತು.

ರೀಮೆನ್‌ಶ್ನೈಡರ್‌ಗಾಗಿ ಹೋಗುವವರಿಗೆ ಒಂದು ಮಾತು. ಅವನ ಕೈಕೆಲಸ ಎರಡೂ ಊರಿನಲ್ಲಿದೆ. ಬಾಂಬೆರ್ಗ್‌ನಲ್ಲಿ ಕಲ್ಲು, ರೋಟೆನ್‌ಬುರ್ಗ್‌ನ ಯಾಕೋಬ್ ಚರ್ಚಿನಲ್ಲಿ ಮರ. ಮರದ ಪೀಠದಲ್ಲಿ ಏಸುವಿನ ಕೊನೆಯ ಭೋಜನವನ್ನು ಕೆತ್ತುವಾಗ ದ್ರೋಹ ಮಾಡಿದ ಜೂದಾಸನನ್ನು ನಟ್ಟನಡುವೆ ನಿಲ್ಲಿಸಿದ್ದಾನೆ. ಬಣ್ಣ ಹಚ್ಚಿಲ್ಲ, ಮರದ ಮೈಯಿಂದಲೇ ಮುಖಗಳು ಮಾತನಾಡುತ್ತವೆ. ಕಿನ್ನಾಳದ ಚಿತ್ರಗಾರರ ಬಣ್ಣದ ಬೊಂಬೆಗಳನ್ನು ನೋಡಿ ಬೆಳೆದ ನನ್ನ ಕಣ್ಣಿಗೆ ಬಣ್ಣವಿಲ್ಲದ ಮರ ಮೊದಲು ಬರಿದೆನಿಸಿತು. ಸ್ವಲ್ಪ ಹೊತ್ತು ಕುಳಿತ ಮೇಲೆ ಹಾಗೆನಿಸಲಿಲ್ಲ. ಇದೊಂದಕ್ಕಾಗಿ ರೋಟೆನ್‌ಬುರ್ಗ್‌ಗೆ ಹೋಗುತ್ತೇನೆ ಎನ್ನುವವರನ್ನು ನಾನು ತಡೆಯುವುದಿಲ್ಲ. ಅಲ್ಲಿ ರಾತ್ರಿ ಉಳಿಯಲು ಸಾಧ್ಯವಿರುವವರನ್ನೂ ತಡೆಯುವುದಿಲ್ಲ. ಬಸ್ಸುಗಳು ಹೊರಟ ಮೇಲೆ ಸಂಜೆ ಆರರ ಸುಮಾರಿಗೆ ಆ ಬೀದಿಗಳು ಒಮ್ಮೆಲೇ ಶಾಂತವಾದವು, ಹೆಂಡತಿಯ ಹಳದಿ ಮನೆಯ ಮುಂದೆ ನಾವಿಬ್ಬರೇ ನಿಂತಿದ್ದೆವು. ಆದರೆ ನಮಗೆ ರೈಲಿನ ಹೊತ್ತಾಗಿತ್ತು.

ಒಂದೇ ದಿನ ಇರುವವರು, ಅದರಲ್ಲೂ ಹೊಲಮನೆ ಇರುವವರು, ಬಾಂಬೆರ್ಗ್‌ಗೆ ಹೋಗಿ. ರೈಲು ಇಳಿದ ಕೂಡಲೇ ಎಲ್ಲರ ಜೊತೆ ನದಿಯ ಕಡೆಗೆ ನಡೆಯಬೇಡಿ. ಮೊದಲು ತೋಟಗಾರರ ಬೀದಿಗಳಿಗೆ ಹೋಗಿ, ಬೆಳಗಿನ ಹೊತ್ತು ಅವರು ಹೊಲದಲ್ಲಿರುತ್ತಾರೆ. ವಸ್ತುಸಂಗ್ರಹಾಲಯ ಚಳಿಗಾಲದಲ್ಲಿ ಮುಚ್ಚಿರುತ್ತದೆ, ಬೇಸಿಗೆಯಲ್ಲೂ ತೆರೆದಿರುವ ದಿನ ನೋಡಿಕೊಂಡು ಹೋಗುವುದು ಲೇಸು. ಮೊಣಕಾಲು ನೋವಿರುವವರು ಗುಡ್ಡಕ್ಕೆ ಬಸ್ಸಿನಲ್ಲಿ ಹೋಗಿ ಇಳಿಯುತ್ತ ನಡೆಯಿರಿ. ರೊಟ್ಟಿ ಕಟ್ಟಿಕೊಳ್ಳಿ. ನಿಮ್ಮ ಹೊಲದ ಒಂದು ಚಿತ್ರ ಮೊಬೈಲಿನಲ್ಲಿ ಇರಲಿ. ಆ ದೊಡ್ಡ ಬಾಗಿಲುಗಳ ಮುಂದೆ ಮಣ್ಣುಗೈಯವರು ಯಾರಾದರೂ ನಿಂತಿದ್ದರೆ ತೋರಿಸಿ.

ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕ,
ಕೋಟೆ ಒಳಭಾಗ, ಮುದಗಲ್,
ಲಿಂಗಸುಗೂರು ತಾಲ್ಲೂಕು, ರಾಯಚೂರು ಜಿಲ್ಲೆ